ಗಾವಾನ್ ಮದರಸಾದ ಮಿನಾರು: ಛಾಯಾಗ್ರಾಹಕರಿಗೆ ಕೆಲವು ಸೂಚನೆಗಳು

ಬೀದರಿನ ಮಹಮೂದ್ ಗಾವಾನ್ ಮದರಸಾದ ಚಿತ್ರ ತೆಗೆಯಲು ಹೊರಟವರು ಮೊದಲು ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು. ಕಟ್ಟಡದ ಮುಂಭಾಗ ಪೂರ್ವಕ್ಕಿರುವುದರಿಂದ ಬೆಳಗಿನ ಬಿಸಿಲು ಮಿನಾರಿನ ಮೇಲೆ ನೇರವಾಗಿ ಬೀಳುತ್ತದೆ. ಮಧ್ಯಾಹ್ನ ಕಳೆದ ಮೇಲೆ ಅದೇ ಮುಖ ನೆರಳಿಗೆ ಸರಿದು ಬಣ್ಣಗಳು ಮಂಕಾಗುತ್ತವೆ.

ಇರಾನಿನ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗಾವಾನ್ ಈ ವಿದ್ಯಾಲಯವನ್ನು 1472ರಲ್ಲಿ ಕಟ್ಟಿಸಿದಾಗ ಮುಂಭಾಗದ ಎರಡೂ ತುದಿಗಳಲ್ಲಿ ಮಿನಾರುಗಳಿದ್ದವು. ಬೀದರ್ ಔರಂಗಜೇಬನ ವಶವಾದ ಬಳಿಕ ಇಲ್ಲಿ ಸಿಡಿಮದ್ದನ್ನು ಕೂಡಿಡಲಾಯಿತು. 17ನೇ ಶತಮಾನದ ಕೊನೆಯಲ್ಲಿ ಅದು ಸ್ಫೋಟಿಸಿ, ದಕ್ಷಿಣದ ಮಿನಾರಿನೊಂದಿಗೆ ಮುಂಭಾಗದ ಒಂದು ಪಾಲೂ ಉರುಳಿತು. ಆದ್ದರಿಂದ ಉಳಿದಿರುವ ಉತ್ತರದ ಮಿನಾರನ್ನಷ್ಟೇ ಚೌಕಟ್ಟಿನಲ್ಲಿ ತುಂಬಿದರೆ ಚಿತ್ರ ಚೆನ್ನಾಗಿ ಬಂದರೂ ಕಟ್ಟಡದ ಕಥೆ ಅರ್ಧಕ್ಕೇ ನಿಂತಂತೆ ನನಗೆ ಕಾಣುತ್ತದೆ. ಎದುರಿನಿಂದ ಸಾಧ್ಯವಾದಷ್ಟು ಹಿಂದೆ ಸರಿದು, ಬಲಕ್ಕೆ ನಿಂತ ಮಿನಾರೂ ಎಡಕ್ಕೆ ಬರಿದಾದ ಮೂಲೆಯೂ ಒಟ್ಟಿಗೆ ಕಾಣುವಂತೆ ಒಂದು ಚಿತ್ರವನ್ನಾದರೂ ತೆಗೆಯಬೇಕು. ಹತ್ತಿರ ನಿಂತು ಕ್ಯಾಮೆರಾವನ್ನು ಮೇಲಕ್ಕೆತ್ತಿದರೆ ಸುಮಾರು 40 ಮೀಟರ್ ಎತ್ತರದ ಮಿನಾರು ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಕ್ಯಾಮೆರಾವನ್ನು ನೆಟ್ಟಗೆ ಹಿಡಿದು, ಕೆಳಗೆ ಹೆಚ್ಚಾಗಿ ಬಂದ ನೆಲವನ್ನು ಆಮೇಲೆ ಕತ್ತರಿಸಿಕೊಳ್ಳುವುದು ಒಳ್ಳೆಯದು.

ಕಟ್ಟಡದ ಮೈಮೇಲೆ ಕಾಲ ಬಿಟ್ಟುಹೋದ ಪದರಗಳು ನಿಜವಾಗಿ ತೆರೆದುಕೊಳ್ಳುವುದು ದೂರದ್ದನ್ನು ಹತ್ತಿರಕ್ಕೆ ತೋರಿಸುವ ಟೆಲಿ ಲೆನ್ಸಿನಲ್ಲಿ. ಮಿನಾರಿನ ಮೈಮೇಲೆ ಅಂಕುಡೊಂಕಾಗಿ ಸಾಗುವ ನೀಲಿ ಟೈಲುಗಳು, ಅವು ಉದುರಿದಲ್ಲಿ ಬಯಲಾದ ಕಲ್ಲುಗಾರೆ, ಮುಂಭಾಗದ ಅರಬ್ಬಿ ಅಕ್ಷರಗಳ ಪಟ್ಟಿ, ಈಚಿನ ದುರಸ್ತಿಯ ಗುರುತು ಇವೆಲ್ಲ ಒಂದಕ್ಕೊಂದು ತಾಗಿಕೊಂಡಿರುವ ಅಂಚುಗಳನ್ನೇ ಹುಡುಕಬೇಕು. ಇದಕ್ಕೆ ಮುಂಜಾನೆಯ ನೇರ ಬೆಳಕಿಗಿಂತ ಹೊತ್ತೇರಿದ ಮೇಲಿನ ಬೆಳಕು ಮೇಲು, ಏಕೆಂದರೆ ಸೂರ್ಯ ದಕ್ಷಿಣಕ್ಕೆ ಸರಿಯುತ್ತಿದ್ದಂತೆ ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುತ್ತದೆ. ಆಗ ಉಳಿದ ಟೈಲಿನ ದಪ್ಪದಷ್ಟೇ ತೆಳುವಾದ ನೆರಳು ಬಿದ್ದು, ಎಲ್ಲಿ ಏನು ಕಳಚಿದೆ ಎಂಬುದು ಸ್ಪಷ್ಟವಾಗುತ್ತದೆ. ಚಳಿಗಾಲದಲ್ಲಿ ಇದು ಇನ್ನೂ ಬೇಗ ಸಿಗುತ್ತದೆ.

ಟೈಲಿನ ಮೆರುಗು ಕಣ್ಣಿಗೆ ಕುಕ್ಕಿದರೆ ಪ್ರತಿಫಲನವನ್ನು ತಗ್ಗಿಸುವ ಪೋಲರೈಜಿಂಗ್ ಫಿಲ್ಟರನ್ನು ನಿಧಾನವಾಗಿ ತಿರುಗಿಸಿ ನೋಡಬಹುದು, ಆದರೆ ಅಗಲ ಲೆನ್ಸಿನೊಂದಿಗೆ ಬಳಸಿದರೆ ಆಕಾಶದ ನೀಲಿ ಒಂದೆಡೆ ಗಾಢವಾಗಿ, ಇನ್ನೊಂದೆಡೆ ತಿಳಿಯಾಗಿ ಬರುತ್ತದೆ. ಬೆಳಕಿಗೆ ತಕ್ಕಂತೆ ಬಣ್ಣವನ್ನು ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ ಡೇಲೈಟಿಗೆ ಇಟ್ಟರೆ ಚಿತ್ರದಿಂದ ಚಿತ್ರಕ್ಕೆ ನೀಲಿ ಬದಲಾಗುವುದಿಲ್ಲ. ಇದು ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವಾದ್ದರಿಂದ, ಟ್ರೈಪಾಡ್ ಬೇಕಿದ್ದವರು ಮುಂಚೆಯೇ ಅನುಮತಿಯ ಬಗ್ಗೆ ವಿಚಾರಿಸಿಕೊಳ್ಳತಕ್ಕದ್ದು.