ನಮ್ಮ ಸ್ಟೋರಿನಲ್ಲಿ ಅಕ್ಷರಾನುಕ್ರಮವನ್ನು ಕೈಬಿಟ್ಟ ಬಗೆ

ರಸಾಯನಶಾಸ್ತ್ರ ವಿಭಾಗದ ಸ್ಟೋರಿನಲ್ಲಿ ಸೀಸೆಗಳನ್ನು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಜೋಡಿಸುವುದನ್ನು ನಿಲ್ಲಿಸಿ, ಒಂದಕ್ಕೊಂದು ತಗುಲಿದರೆ ಅಪಾಯವಾಗುವವನ್ನು ಬೇರೆ ಬೇರೆ ಗುಂಪುಗಳಲ್ಲಿ ಇಡೋಣ ಎಂದು ನಾನು ಹೇಳಿದಾಗ ಬಂದ ಆಕ್ಷೇಪಣೆಯೆಲ್ಲ ಸ್ಟಾಕ್ ರಿಜಿಸ್ಟರಿನ ಕುರಿತೇ ಇತ್ತು. "ಆಡಿಟ್‌ನವರು ಬಂದರೆ ಹುಡುಕಿ ಕೊಡುವವರು ಯಾರು ಸರ್?" ಎಂದು ಹಿರಿಯ ಅಟೆಂಡರ್ ಕೇಳಿದರು, ಸಹೋದ್ಯೋಗಿಗಳು ನಕ್ಕರು. ಆಗ ನಕ್ಕವರಲ್ಲಿ ಕೆಲವರು ಈಗ ತಮ್ಮ ಸಂಶೋಧನಾ ಕೊಠಡಿಗಳಲ್ಲೂ ಇದೇ ವ್ಯವಸ್ಥೆಯನ್ನು ಮಾಡಿಕೊಂಡಿದ್ದಾರೆ.

ಅಕ್ಷರಾನುಕ್ರಮದಲ್ಲಿ ಹೈಡ್ರಜೀನ್ ಹೈಡ್ರೇಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಅಕ್ಕಪಕ್ಕ ಬರುತ್ತವೆ; ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ರಾಕೆಟ್ ವಿಮಾನ ಹಾರಿಸಿದ್ದು ಇದೇ ಜೋಡಿಯಿಂದ. 'ಆಮ್ಲಗಳು' ಎಂಬ ಚೀಟಿ ಅಂಟಿಸಿದ ಕಪಾಟು ಇನ್ನೂ ಕೆಟ್ಟದ್ದಾಗಿತ್ತು. ಹೊತ್ತಿ ಉರಿಯಬಲ್ಲ ಗ್ಲೇಸಿಯಲ್ ಅಸಿಟಿಕ್ ಆಮ್ಲವೂ ಅದನ್ನು ಉರಿಸಬಲ್ಲ ನೈಟ್ರಿಕ್ ಆಮ್ಲವೂ ಅಲ್ಲಿ ಒಂದೇ ಹಲಗೆಯ ಮೇಲಿದ್ದವು. ಹೈಡ್ರೋಕ್ಲೋರಿಕ್ ಆಮ್ಲದ ಆವಿ ತಗುಲಿ ಕೆಳಗಿನ ಅಮೋನಿಯಾ ಸೀಸೆಯ ಮುಚ್ಚಳದ ಸುತ್ತ ಅಮೋನಿಯಂ ಕ್ಲೋರೈಡಿನ ಬಿಳಿ ಪುಡಿ ಕೂತಿರುತ್ತಿತ್ತು, ಒರೆಸಿದರೆ ವಾರದೊಳಗೆ ಮತ್ತೆ ಕೂರುತ್ತಿತ್ತು.

ವಿಂಗಡಿಸುವುದು ಸುಲಭ, ಇಡುವುದಕ್ಕೆ ಜಾಗ ಮಾಡುವುದೇ ಕಷ್ಟ. ಆಮ್ಲಗಳಿಗೆಂದೇ ತಯಾರಾದ ಕಪಾಟಿನ ಕೊಟೇಶನ್ ಲಕ್ಷ ರೂಪಾಯಿ ದಾಟಿದ್ದರಿಂದ ಹಳೆಯ ಉಕ್ಕಿನ ಬೀರುವಿಗೆ ಎಪಾಕ್ಸಿ ಬಣ್ಣ ಬಳಿಸಿ ನೋಡಿದೆ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಕೀಲುಗಳಿಂದ ತುಕ್ಕು ಇಳಿಯತೊಡಗಿತು. ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ, ಆವಿ ಅದರ ಮೋಟಾರನ್ನೇ ತಿಂದುಹಾಕಿತು. ಕಡಪ ಕಲ್ಲು ಹಾಕಿಸಿ ಎಂದು ಮೇಸ್ತ್ರಿ ಹೇಳಿದರು. ಅವರ ಎದುರಿಗೇ ಕಲ್ಲಿನ ಚೂರಿನ ಮೇಲೆ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಬಿಟ್ಟೆ. ಸುಣ್ಣದ ಕಲ್ಲಾದ್ದರಿಂದ ನೊರೆ ಎದ್ದಿತು. ಕೊನೆಗೆ ಗ್ರಾನೈಟ್ ಅಂಗಡಿಯಲ್ಲಿ ಮಿಕ್ಕ ತುಂಡುಗಳನ್ನು ತಂದು ಗೋಡೆಗೆ ಹಲಗೆ ಕಟ್ಟಿಸಿ, ಪ್ರತಿಯೊಂದು ಗುಂಪಿಗೂ ಬೇರೆ ಬೇರೆ ಪ್ಲಾಸ್ಟಿಕ್ ಟಬ್ ಇಟ್ಟೆ. ನೈಟ್ರಿಕ್ ಆಮ್ಲಕ್ಕೆ ಯಾರ ಸಹವಾಸವೂ ಇಲ್ಲದ ಒಂಟಿ ಟಬ್. ಒಟ್ಟು ಹದಿನೆಂಟು ಸಾವಿರದ ಆಸುಪಾಸು ಖರ್ಚಾಯಿತು. 2018ರ ಡಿಸೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ ಸ್ಫೋಟವಾಗಿ ಸಂಶೋಧಕರೊಬ್ಬರು ತೀರಿಕೊಂಡ ಮೇಲೆ ಇಂಥ ಕಡತಗಳು ಸ್ವಲ್ಪ ಬೇಗ ಚಲಿಸುತ್ತಿದ್ದವು. ಆದರೂ ಈ ಬಿಲ್ಲನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ಪಾಸು ಮಾಡಿಸಿಕೊಂಡೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ರಿಜಿಸ್ಟರಿನ ತೊಡಕು ನಾನಂದುಕೊಂಡದ್ದಕ್ಕಿಂತ ಸುಲಭವಾಗಿ ಬಿಡಿಸಿಕೊಂಡಿತು. ಅಲ್ಲಿ ಅಕ್ಷರಾನುಕ್ರಮವನ್ನು ಹಾಗೆಯೇ ಉಳಿಸಿ, ಟಬ್ಬಿನ ಸಂಖ್ಯೆಗೆಂದು ಒಂದು ಅಂಕಣವನ್ನು ಮಾತ್ರ ಸೇರಿಸಿದೆ. ಲೇಬಲ್ಲಿನ ಮೇಲಿನ ದಿನಾಂಕವನ್ನು ಪೆನ್ಸಿಲಿನಲ್ಲೇ ಬರೆಯಬೇಕು. ಮಾರ್ಕರ್ ಶಾಯಿ ಅಸಿಟೋನ್ ತಗುಲಿದರೆ ಅಳಿಸಿಹೋಗುತ್ತದೆ, ಸೀಸದ ಕಡ್ಡಿಯ ಗ್ರಾಫೈಟ್ ಅಳಿಸುವುದಿಲ್ಲ.

ಈ ದಿನಾಂಕ ಹೆಚ್ಚಾಗಿ ಬೇಕಾಗುವುದು ಈಥರಿಗೆ; ಇಟ್ಟಷ್ಟೂ ಅದು ಗಾಳಿಯೊಡನೆ ಸೇರಿ ಸಿಡಿಯಬಲ್ಲ ಪೆರಾಕ್ಸೈಡ್ ಕಟ್ಟಿಕೊಳ್ಳುತ್ತದೆ. ಪೆರಾಕ್ಸೈಡ್ ಪರೀಕ್ಷೆಯ ಪಟ್ಟಿಗಳು ದುಬಾರಿಯಾದ್ದರಿಂದ ಆಗಷ್ಟೇ ಮಾಡಿದ ಹತ್ತು ಶೇಕಡಾ ಪೊಟಾಸಿಯಂ ಅಯೊಡೈಡ್ ದ್ರಾವಣ ಮತ್ತು ಒಂದೆರಡು ಹನಿ ಅಸಿಟಿಕ್ ಆಮ್ಲದಿಂದಲೇ ಕೆಲಸ ಸಾಗಿಸುತ್ತೇವೆ. ತಿಳಿಹಳದಿ ಕಂಡರೆ ಫೆರಸ್ ಸಲ್ಫೇಟಿನಲ್ಲಿ ತೊಳೆಯುತ್ತೇವೆ. ಬಾಯಿಯ ಸುತ್ತ ಹರಳು ಕಟ್ಟಿದ ಸೀಸೆಯನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಈಥರ್ ಜಾತಿಯದೇ ಆದ ಟೆಟ್ರಾಹೈಡ್ರೋಫ್ಯೂರಾನ್ ನೀರಿನಲ್ಲಿ ಬೆರೆತುಹೋಗುವುದರಿಂದ ತೊಳೆಯಲು ಬರುವುದಿಲ್ಲ. ಅದನ್ನು ಅಲ್ಯೂಮಿನಾ ಪುಡಿ ತುಂಬಿದ ಕೊಳವೆಯಲ್ಲಿ ಇಳಿಸಿ ನೋಡಿದೆ, ಪೆರಾಕ್ಸೈಡನ್ನು ಚೆನ್ನಾಗಿ ಹಿಡಿಯಿತು. ಬಳಸಿದ ಅಲ್ಯೂಮಿನಾವನ್ನು ಒಣಗಲು ಬಿಡದೆ ಫೆರಸ್ ಸಲ್ಫೇಟ್ ದ್ರಾವಣದಲ್ಲೇ ನೆನೆಸಿಡಬೇಕು.

ತ್ಯಾಜ್ಯವನ್ನೂ ಹೀಗೆಯೇ ವಿಂಗಡಿಸತೊಡಗಿದ ಮೇಲೆ ಪದವಿ ತರಗತಿಯಲ್ಲಿ ಕ್ಲೋರೈಡನ್ನು ಸಿಲ್ವರ್ ನೈಟ್ರೇಟಿನಿಂದ ಅಳೆಯುವ ಮೋಹ್ರ್ ಟೈಟ್ರೇಶನ್ನಿನ ಬೆಳ್ಳಿಯ ಮೇಲೆ ಕಣ್ಣು ಬಿತ್ತು. ಗಸಿಯನ್ನು ಕೂಡಿಟ್ಟು, ಬಣ್ಣದ ಸೂಚಕವಾಗಿ ಹಾಕಿದ ಕ್ರೋಮೇಟನ್ನು ತೊಳೆದು ತೆಗೆದು, ಸತು ಮತ್ತು ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದಿಂದ ಬೆಳ್ಳಿಯನ್ನು ಬಿಡಿಸಿಕೊಂಡೆವು. ಒಂದು ವರ್ಷಕ್ಕೆ ನೂರು ಗ್ರಾಂ ಹತ್ತಿರ ಸಿಕ್ಕಿತೆಂದು ನೆನಪು. ಅಮೋನಿಯಾದಲ್ಲಿ ಕರಗಿಸಿಡುವ ಅಡ್ಡದಾರಿ ಬೇಡ, ಇಟ್ಟಷ್ಟೂ ಅದು ಸಿಡಿಯುವ ವಸ್ತುವಾಗುತ್ತದೆ. ತೊಳೆದ ಕ್ರೋಮೇಟ್ ನೀರು ಬೇರೆ ಕ್ಯಾನಿನಲ್ಲಿ ಸೇರಿ ಉಳಿದ ತ್ಯಾಜ್ಯದೊಂದಿಗೆ ದಾಬಸ್‌ಪೇಟೆಯ ವಿಲೇವಾರಿ ಘಟಕಕ್ಕೆ ಹೋಗುತ್ತದೆ. 2016ರ ನಿಯಮದಂತೆ ಅಪಾಯಕಾರಿ ತ್ಯಾಜ್ಯವನ್ನು 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ಪಕ್ಕದ ಎರಡು ವಿಭಾಗಗಳ ಕ್ಯಾನುಗಳನ್ನೂ ಸೇರಿಸಿ ಒಂದೇ ಗಾಡಿಯಲ್ಲಿ ಕಳಿಸುತ್ತೇವೆ, ಸಾಗಣೆಯ ಬಾಡಿಗೆ ಮೂರು ಪಾಲಾಗುತ್ತದೆ.