ಸೇತುವೆ ಹಾಡಲಿಲ್ಲ, ಲೈಟ್ ಕಂಬ ಹಾಡಿತು

ಮೂರು ವಾರ ನಾನು ಒಂದು ಸ್ವರವನ್ನು ನಂಬಿಕೊಂಡು ಕೂತಿದ್ದೆ. ಹಳೇ ಕಬ್ಬಿಣದ ಸೇತುವೆಯೊಂದರ ರೇಲಿಂಗಿಗೆ ಮೈಕ್ ಅಂಟಿಸಿ ರೆಕಾರ್ಡ್ ಮಾಡಿದ್ದೆ. ಹೆಡ್‌ಫೋನಿನಲ್ಲಿ ಕೆಳಗೆಲ್ಲೋ ಗುಂಯ್ ಅನ್ನುವ ನಾದ, ಒಂಚೂರೂ ಅಲುಗದೆ. ಇದೇ ಸೇತುವೆಯ ಶ್ರುತಿ ಅಂದುಕೊಂಡೆ. ಅದರ ಮೇಲೆ ನಾಲ್ಕು ನಿಮಿಷದ ಸಂಗೀತವನ್ನೂ ಕಟ್ಟಿದೆ. ಆಮೇಲೊಂದು ದಿನ ಸುಮ್ನೆ ಕುತೂಹಲಕ್ಕೆ ಸ್ಪೆಕ್ಟ್ರಮ್ (ಶಬ್ದದಲ್ಲಿ ಯಾವ್ಯಾವ ಸ್ವರ ಎಷ್ಟಿದೆ ಅಂತ ತೋರಿಸುವ ಚಿತ್ರ) ತೆಗೆದು ನೋಡಿದರೆ ಸಾಲಾಗಿ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಕಂಪನ, ಆಮೇಲೆ 100, 150. ನಮ್ಮ ಕರೆಂಟು ಅಲುಗುವುದೂ ಸೆಕೆಂಡಿಗೆ 50 ಸಲವೇ. ಇದು ಕರೆಂಟಿನ ಹಮ್! ಪಕ್ಕದ ಲೈಟ್ ಕಂಬದ್ದು. ನನ್ನ ಮೈಕಿನ ವೈರಿಗೆ ಶೀಲ್ಡ್ (ಇಂಥ ಹಮ್ಮನ್ನು ತಡೆಯುವ ಲೋಹದ ಹೊದಿಕೆ) ಇರಲಿಲ್ಲ, ಅದು ಆಂಟೆನಾ ಥರ ಹಮ್ಮನ್ನು ಎಳೆದುಕೊಂಡಿತ್ತು. ಸೇತುವೆಗೂ ಆ ಸ್ವರಕ್ಕೂ ಸಂಬಂಧವೇ ಇರಲಿಲ್ಲ.

ಎಲ್ಲ ಅಳಿಸಿ ಮತ್ತೆ ಹೋದೆ.

ನಾನು ಬಳಸುವುದು ಕಾಂಟ್ಯಾಕ್ಟ್ ಮೈಕ್. ನಡುಕವನ್ನು ಕರೆಂಟಾಗಿ ಬದಲಿಸುವ, ನಾಣ್ಯದಷ್ಟಗಲದ ಪೀಜೋ ಬಿಲ್ಲೆ, ಬಜರ್‌ಗಳಲ್ಲಿ ಇರುತ್ತದಲ್ಲ, ಅದೇ. ಇದು ಗಾಳಿಯಲ್ಲಿ ತೇಲಿಬರುವ ಶಬ್ದವನ್ನು ಅಷ್ಟಾಗಿ ಹಿಡಿಯುವುದಿಲ್ಲ, ಲೋಹದ ನಡುಕವನ್ನು ಹಿಡಿಯುತ್ತದೆ. ಪೀಜೋವನ್ನು ಸಾಮಾನ್ಯ ಮೈಕ್ ಇನ್‌ಪುಟ್ಟಿಗೆ ನೇರವಾಗಿ ಚುಚ್ಚಿದರೆ ಕೆಳಗಿನ ಸ್ವರಗಳೆಲ್ಲ ಮಾಯ. ದೊಡ್ಡ ಗರ್ಡರ್ (ಸೇತುವೆಯ ತೊಲೆ) ಕೂಡ ತಗಡಿನ ಡಬ್ಬಿ ಥರ ಕೇಳುತ್ತದೆ. ನಡುವೆ ಒಂದು ಮೆಗಾ ಓಮ್ ಅಥವಾ ಅದಕ್ಕೂ ಜಾಸ್ತಿ ಇನ್‌ಪುಟ್ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಇರುವ ಪ್ರೀಆಂಪ್, ಅಂದರೆ ಮೈಕಿನ ಸಿಗ್ನಲ್ಲನ್ನು ರೆಕಾರ್ಡರಿಗೆ ಹದಮಾಡುವ ಡಬ್ಬಿ, ಬೇಕೇ ಬೇಕು. ಈ ಸಲ ಶೀಲ್ಡ್ ಇರುವ ವೈರ್ ಹಾಕಿದೆ, ಎಲ್ಲವನ್ನೂ ಬ್ಯಾಟರಿಯಲ್ಲೇ ಓಡಿಸಿದೆ. ಅಂಟಿಸುವುದೂ ಒಂದು ಕಲೆಯೇ. ಡಬಲ್ ಟೇಪ್ ಮೆತ್ತಗಿರುವುದರಿಂದ ಮೇಲಿನ ಸ್ವರಗಳನ್ನು ನುಂಗಿಬಿಡುತ್ತದೆ. ಚಿಕ್ಕ ಕ್ಲಾಂಪ್ ಹಾಕಿ ಬಿಗಿದರೆ ಶಬ್ದ ಕನ್ನಡಿಯಷ್ಟು ಸ್ಪಷ್ಟ. ಪೇಂಟ್ ದಪ್ಪಗಿರುವ ಕಡೆ ಯಾವುದೂ ಅಷ್ಟಕ್ಕಷ್ಟೇ.

ಈ ಕೆಲಸದಲ್ಲಿ ಎರಡು ದಾರಿ ಇವೆ. ಒಂದು, ಬಡಿಯುವುದು. ಅಮೆರಿಕದ ಸಂಯೋಜಕ ಜೋಸೆಫ್ ಬರ್ಟೊಲೋಝಿ 2013ರಲ್ಲಿ ಐಫೆಲ್ ಗೋಪುರವನ್ನೇ ವಾದ್ಯ ಮಾಡಿಕೊಂಡು ಬಡಿದು ರೆಕಾರ್ಡ್ ಮಾಡಿದರು. ಇನ್ನೊಂದು, ಸುಮ್ಮನೆ ಕೇಳಿಸಿಕೊಳ್ಳುವುದು. ಶಬ್ದವನ್ನೇ ಕಲೆಯಾಗಿಸುವ ಅಮೆರಿಕದ ಕಲಾವಿದ ಬಿಲ್ ಫೊಂಟಾನಾ 2006ರಲ್ಲಿ ಲಂಡನ್ನಿನ ಮಿಲೇನಿಯಂ ಸೇತುವೆಗೆ ಸೆನ್ಸರ್ ಕೂರಿಸಿ, ಜನ ನಡೆದಾಗ, ಗಾಳಿ ಬೀಸಿದಾಗ ಅದು ಏನೇನು ಗುನುಗುತ್ತದೋ ಅದನ್ನೇ ಕೇಳಿಸಿದರು. ನನಗೆ ಎರಡೂ ಬೇಕಿತ್ತು. ಅನುಮತಿ ಕೇಳಿದಾಗ ರಬ್ಬರ್ ಸುತ್ತಿಗೆ ಮಾತ್ರ ಅಂದರು. ಒಳ್ಳೇದೇ ಆಯಿತು. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಬರೀ ಟಣ್, ರಬ್ಬರ್ ತಾಗಿದರೆ ಹೊಟ್ಟೆಯೊಳಗಿನ ದನಿ.

ಕೇಬಲ್ ಮಾತ್ರ ಬೇರೆ ಜಾತಿ. ಬಿಗಿಯಾದ ಉದ್ದ ಕೇಬಲ್ಲನ್ನು ಒಂದು ತುದಿಯಲ್ಲಿ ಬೆರಳ ಗೆಣ್ಣಿನಿಂದ ತಟ್ಟಿ, ಇನ್ನೊಂದು ತುದಿಯಲ್ಲಿ ಮೈಕ್ ಇಟ್ಟು ಕೇಳಿ. ಟಕ್ ಅಂತ ಹೋದದ್ದು ‘ಪಿಯೂಂ’ ಅಂತ ಬರುತ್ತದೆ. ದಪ್ಪ ಉಕ್ಕಿನ ತಂತಿಯಲ್ಲಿ ಮೇಲಿನ ಸ್ವರಗಳು ಬೇಗ ಓಡುತ್ತವೆ, ಕೆಳಗಿನವು ಹಿಂದೆ ಉಳಿಯುತ್ತವೆ. ಅದಕ್ಕೇ ಒಂದೇ ಏಟು ಜಾರುಬಂಡೆ ಥರ ಇಳಿಯುತ್ತದೆ. ಆ ದಿನ ಒಂದು ಗಂಟೆ ಬೇರೇನೂ ಮಾಡಲಿಲ್ಲ, ಅದನ್ನೇ ತಟ್ಟುತ್ತಾ ಕೂತೆ.

ತಾಳ ನನಗೆ ಪುಕ್ಕಟೆ ಸಿಕ್ಕಿತು. ಸೇತುವೆಯ ಎಕ್ಸ್‌ಪಾನ್ಶನ್ ಜಾಯಿಂಟಿನ (ಬಿಸಿಲಿಗೆ ಹಿಗ್ಗಲಿ ಅಂತ ಬಿಟ್ಟ ಸಂದಿನ) ಮೇಲೆ ಗಾಡಿ ಹೋದರೆ ದಡ್-ದಡ್ ಅಂತ ಎರಡು ಏಟು ಬೀಳುತ್ತವೆ. ಮೊದಲು ಮುಂದಿನ ಚಕ್ರ, ಆಮೇಲೆ ಹಿಂದಿನದು. ಎರಡು ಚಕ್ರಗಳ ನಡುವೆ ಎರಡೂವರೆ ಮೀಟರ್ ಇರುವ ಕಾರು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಬಂದರೆ ನಡುವಿನ ಅಂತರ ಕಾಲು ಸೆಕೆಂಡು. ಅದೇ ವೇಗದಲ್ಲಿ, ಚಕ್ರಗಳ ನಡುವೆ ಆರು ಮೀಟರ್ ಇರುವ ಬಸ್ಸು ಬಂದರೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಕಣ್ಣು ಮುಚ್ಚಿ ಕೂತರೂ ಯಾವ ಗಾಡಿ ಅಂತ ಹೇಳುವಷ್ಟು ಅಭ್ಯಾಸ ಆಗಿಹೋಯಿತು. ಇಪ್ಪತ್ತು ನಿಮಿಷದ ಆ ಗದ್ದಲವನ್ನು ಒಂದಿಷ್ಟೂ ಸರಿಪಡಿಸದೆ ಹಾಗೇ ಇಟ್ಟು, ಅದರಲ್ಲಿ ಒಂದು ನಿಮಿಷ ಆರಿಸಿಕೊಂಡೆ. ಒಮ್ಮೆ ಗ್ರಿಡ್ಡಿಗೆ, ಅಂದರೆ ಕಂಪ್ಯೂಟರಿನ ಸಮತಾಳದ ಗೆರೆಗಳಿಗೆ, ಕೂರಿಸಿ ನೋಡಿದೆ. ಡ್ರಮ್ ಮಶೀನ್ ಆಗಿಹೋಯಿತು. ವಾಪಸ್ ತೆಗೆದೆ.

ಸ್ವರಗಳ ವಿಷಯಕ್ಕೆ ಬಂದಾಗ ಒದ್ದಾಟ ಶುರು. ರೇಲಿಂಗಿನ ಸರಳುಗಳು ಯಾವ ಸ್ಕೇಲಿಗೂ ಸೇರುವುದಿಲ್ಲ. ಅದಕ್ಕೆ ಕಾರಣವೂ ಇದೆ. ವೀಣೆಯ ತಂತಿಯಲ್ಲಿ ಮೂಲ ಸ್ವರದ ಮೇಲೆ ಹೆಚ್ಚುಕಡಿಮೆ ಎರಡು ಪಟ್ಟು, ಮೂರು ಪಟ್ಟು ಅಂತ ಅಚ್ಚುಕಟ್ಟಾಗಿ ಸ್ವರಗಳು ಕೂರುತ್ತವೆ. ತುದಿ ಬಿಗಿಯದ ಲೋಹದ ಸರಳಿನಲ್ಲಾದರೆ 2.76 ಪಟ್ಟು, 5.4 ಪಟ್ಟು. ಕಿವಿಗೆ ಯಾವುದು ಮೂಲ ಸ್ವರ ಅನ್ನುವುದೇ ಗೊಂದಲ. ನಾನು ಹಟ ಹಿಡಿದು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಶ್ರುತಿಗೆ ಎಳೆದೆ. ಶ್ರುತಿಗೇನೋ ಬಂತು, ಕಬ್ಬಿಣ ಹೊರಟುಹೋಯಿತು. ಆಟಿಕೆ ಪಿಯಾನೋ ಥರ ಕೇಳಿತು. ಕೊನೆಗೆ ಉಲ್ಟಾ ಮಾಡಿದೆ. ಹನ್ನೊಂದು ಸರಳುಗಳನ್ನು ಅವಿದ್ದ ಹಾಗೇ ಕೆಳಗಿನಿಂದ ಮೇಲಕ್ಕೆ ಜೋಡಿಸಿದೆ. ಇದೇ ನನ್ನ ಸ್ಕೇಲು, ಕೀಬೋರ್ಡಿಗೆ ಇಲ್ಲಿ ಜಾಗವಿಲ್ಲ ಅಂತ ತೀರ್ಮಾನಿಸಿದೆ.

ಆಧಾರದ ನಾದ ಬೇಕಿತ್ತಲ್ಲ, ಅದು ಕೊನೆಗೆ ಸೇತುವೆಯಿಂದಲೇ ಬಂತು. ಲೋ-ಕಟ್ (ಕೆಳಗಿನ ಸ್ವರಗಳನ್ನು ಕತ್ತರಿಸುವ ಫಿಲ್ಟರ್) ಆಫ್ ಮಾಡಿ ಹತ್ತು ನಿಮಿಷ ಡೆಕ್ಕಿನ, ಅಂದರೆ ಸೇತುವೆಯ ನೆಲದ, ನಡುಕ ರೆಕಾರ್ಡ್ ಮಾಡಿದ್ದೆ. ಕೇಳಿದರೆ ಬರೀ ಮೌನ, ಯಾಕೆಂದರೆ ಅದು ನಮ್ಮ ಕಿವಿಯ ಮಿತಿಯಾದ 20 ಹರ್ಟ್ಸ್‌ಗಿಂತ ಕೆಳಗೆ. 16 ಪಟ್ಟು ವೇಗವಾಗಿ ಓಡಿಸಿದೆ. ನಾಲ್ಕು ಸ್ಥಾಯಿ ಮೇಲೆ ಬಂದು 8 ಹರ್ಟ್ಸ್‌ನ ನಡುಕ 128 ಆಯಿತು. ಹತ್ತು ನಿಮಿಷ ಕುಗ್ಗಿ 37.5 ಸೆಕೆಂಡು. ಲೈಟ್ ಕಂಬದ ಹಾಗೆ ನೆಟ್ಟಗೆ ನಿಲ್ಲುವ ಸ್ವರ ಅಲ್ಲ ಇದು. ಲಾರಿ ಬಂದಾಗ ಉಬ್ಬುತ್ತದೆ, ಹೋದಮೇಲೆ ನಿಧಾನ ಇಳಿಯುತ್ತದೆ.

ಮುಗಿದ ಮೇಲೆ, ಅನುಮತಿ ಕೊಡಿಸಿದ್ದ ರಿಪೇರಿ ವಿಭಾಗದ ಸೂಪರ್‌ವೈಸರ್‌ಗೆ ಕೇಳಿಸಿದೆ. ಹೆಡ್‌ಫೋನ್ ಹಾಕಿಕೊಂಡು ಮೂರು ನಿಮಿಷ ಏನೂ ಹೇಳಲಿಲ್ಲ. ಆಮೇಲೆ, ನನಗೆ ತುಂಬಾ ಇಷ್ಟವಾದ ಜಾಗದಲ್ಲಿ, ಒಂದು ಸರಳು ಝರ್‌ರ್ ಅಂತ ಗೆಜ್ಜೆಯ ಥರ ನಡುಗುವಾಗ ಕೈ ಎತ್ತಿದರು.

“ಮೇಡಂ, ಇದು ಯಾವ ಕಂಬದ ಹತ್ತಿರ ಮಾಡಿದ್ದು?”

ನೋಟ್‌ಬುಕ್ ನೋಡಿ ಹೇಳಿದೆ. ಎಂಟನೆಯದು.

“ಬೋಲ್ಟ್ ಸಡಿಲ ಆಗಿದೆ ನೋಡಿ.” ಹೆಡ್‌ಫೋನ್ ತೆಗೆದು ಕೊಟ್ಟು, ಫೋನಿನಲ್ಲಿ ಯಾರಿಗೋ ಕಂಬದ ನಂಬರ್ ಹೇಳಿದರು.

ಮುಂದಿನ ವಾರ ಹೋಗಿ ತಟ್ಟಿ ನೋಡಿದೆ. ಬರೀ ಟಪ್ ಅಂದಿತು.