ಶಟರ್ ರಿಮೋಟ್ ಕೆಟ್ಟಿತೆಂದು ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುನ್ನ

ಬೆಂಗಳೂರಿನ ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಮೋಟಾರಿನ ಶಟರ್ ಹಾಕಿಸಿ ಏಳು ವರ್ಷವಾಯಿತು. ಇಷ್ಟರಲ್ಲಿ ರಿಮೋಟ್ ಆರು ಸಲ ಕೈಕೊಟ್ಟಿದೆ. ಅದರಲ್ಲಿ ರಿಮೋಟೇ ಹಾಳಾದದ್ದು ಒಂದೇ ಸಲ, ಅದೂ ನನ್ನ ಪ್ಯಾಂಟಿನ ಜೇಬಿನಲ್ಲೇ ಉಳಿದು ವಾಷಿಂಗ್ ಮೆಷಿನ್ ಸೇರಿದ್ದಕ್ಕೆ. ಮೊದಲನೆಯ ಸಲ ಬಂದ ಮೆಕ್ಯಾನಿಕ್ ಬ್ಯಾಟರಿ ಬದಲಿಸಿ, ಕೊಟ್ಟ ಕಾಫಿ ಆರುವ ಮೊದಲೇ 600 ರೂಪಾಯಿ ಎಣಿಸಿಕೊಂಡು ಹೋದ. ಆ ಹೊಟ್ಟೆಯುರಿಯಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ರಿಮೋಟ್ ಬಿಚ್ಚುವ ಮೊದಲು ಗೋಡೆಯ ಸ್ವಿಚ್ ಒತ್ತಿ ನೋಡಿ. ಅದಕ್ಕೂ ಶಟರ್ ಅಲುಗದಿದ್ದರೆ ರಿಮೋಟಿನ ತಪ್ಪೇನಿಲ್ಲ. ಕರೆಂಟ್ ಇದೆಯೇ, ಎಂಸಿಬಿ (ಹೆಚ್ಚು ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್) ಬಿದ್ದಿದೆಯೇ ನೋಡಿ. ಎರಡೂ ಸರಿಯಿದ್ದರೆ, ಸ್ವಲ್ಪ ಹೊತ್ತಿನ ಮುಂಚೆ ಶಟರನ್ನು ಯಾರಾದರೂ ಆಟದ ಸಾಮಾನು ಮಾಡಿಕೊಂಡಿದ್ದರೇ ಎಂದು ವಿಚಾರಿಸಿ. ಈ ಮೋಟಾರುಗಳು ಎಡೆಬಿಡದೆ ಓಡುವಂಥವಲ್ಲ. ಕೆಲವು ನಿಮಿಷ ಸತತವಾಗಿ ಓಡಿ ಬಿಸಿಯಾದರೆ ಒಳಗಿನ ಸ್ವಿಚ್ ತಾನೇ ಕಡಿದುಕೊಳ್ಳುತ್ತದೆ. ಬೇಸಿಗೆ ರಜೆಗೆ ಬಂದ ಮೊಮ್ಮಕ್ಕಳು ನಮಗೆ ಈ ಪಾಠ ಕಲಿಸಿದರು. ಅರ್ಧ ಗಂಟೆ ತಣ್ಣಗಾಗಲು ಬಿಟ್ಟೆವು, ತಾನಾಗಿ ಓಡಿತು. ಮೋಟಾರ್ ಗುಂಯ್‌ಗುಟ್ಟಿಯೂ ಶಟರ್ ಏಳದಿದ್ದರೆ ಅಥವಾ ಒಂದು ಕಡೆಗೆ ವಾಲಿದ್ದರೆ ಮಾತ್ರ ಕೈ ಹಾಕಬೇಡಿ, ಅದು ಮೆಕ್ಯಾನಿಕ್ಕಿನದೇ ಕೆಲಸ.

ಗೋಡೆಯ ಸ್ವಿಚ್ ಕೆಲಸ ಮಾಡುತ್ತಿದ್ದರೆ ಇನ್ನೊಂದು ರಿಮೋಟ್ ತನ್ನಿ. ಅದು ಓಡಿಸಿದರೆ ದೋಷ ಮೊದಲನೆಯ ರಿಮೋಟಿನಲ್ಲಿದೆ. ಎರಡೂ ಸೋತರೆ ಗೋಡೆಯ ಪೆಟ್ಟಿಗೆಯಲ್ಲಿದ್ದು ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರನ್ನು ಅನುಮಾನಿಸಿ.

ಬ್ಯಾಟರಿ ಒಮ್ಮೆಲೇ ಸಾಯುವುದಿಲ್ಲ. ಮೊದಲು ನಾನು ಬೀದಿಯ ತಿರುವಿನಿಂದಲೇ ಶಟರ್ ತೆರೆಯುತ್ತಿದ್ದೆ. ಆಮೇಲೆ ಪಕ್ಕದ ಮನೆಯ ಹೊಂಗೆ ಮರದವರೆಗೆ ಬರಬೇಕಾಯಿತು. ಕೊನೆಗೆ ಕಾರಿನಿಂದಿಳಿದು ಶಟರಿನ ಮುಂದೆ ಕೈ ಚಾಚಿ ನಿಲ್ಲುವ ಸ್ಥಿತಿ. ಅಷ್ಟಾದರೂ ರಿಮೋಟಿನ ಕೆಂಪು ದೀಪ ಹೊತ್ತುತ್ತಲೇ ಇತ್ತು. ಅದನ್ನು ನಂಬಬೇಡಿ, ದೀಪಕ್ಕೆ ಸಾಲುವ ಶಕ್ತಿ ಸಿಗ್ನಲ್ಲಿಗೆ ಸಾಲದಿರಬಹುದು. ನಮ್ಮದರಲ್ಲಿರುವುದು 23ಎ ಎಂಬ 12 ವೋಲ್ಟಿನ ಬ್ಯಾಟರಿ, ಕಿರುಬೆರಳಿನ ತುದಿಯಷ್ಟಿರುತ್ತದೆ. ಕೆಲವು ರಿಮೋಟುಗಳಲ್ಲಿ ನಾಣ್ಯದಂಥ 3 ವೋಲ್ಟಿನ ಸಿಆರ್2032 ಇರುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಗಡಿಯಾರ ರಿಪೇರಿ ಅಂಗಡಿಗಳಲ್ಲೂ ಸಾಮಾನ್ಯವಾಗಿ ಸಿಗುತ್ತದೆ.

ಹೊಸ ಬ್ಯಾಟರಿ ಹಾಕುವ ಮುಂಚೆ ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ನೋಡಿ. ಅದರ ಸುರುಳಿಯಲ್ಲಿ ಹಸಿರು ಬಿಳುಪಿನ ಪುಡಿ ಕೂತಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ತೆಗೆಯಿರಿ. ಗುಂಡಿಗಳಿರುವ ರಬ್ಬರ್ ಹಾಳೆ ಇದ್ದರೆ ಅದನ್ನು ಮಗುಚಿ, ಅಡಿಯಲ್ಲಿ ಸಾಸಿವೆಗಿಂತ ಕೊಂಚ ದೊಡ್ಡ ಕಪ್ಪು ಚುಕ್ಕೆಗಳಿರುತ್ತವೆ. ಅವು ಕೆಳಗಿನ ಸರ್ಕ್ಯೂಟ್ ಬೋರ್ಡಿಗೆ ತಾಗಿದಾಗಲೇ ಗುಂಡಿ ಒತ್ತಿದಂತೆ. ಬೆವರು, ಕುಂಕುಮ, ಜೇಬಿನ ಧೂಳು ಎಲ್ಲ ಅಲ್ಲಿ ಸೇರಿ ಜಿಡ್ಡಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಬೋರ್ಡನ್ನು ಒರೆಸಿ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಣ್ಣ ಬಾಟಲಿ ಸಿಗುತ್ತದೆ. ಚುಕ್ಕೆಗಳನ್ನು ಮಾತ್ರ ಜೋರಾಗಿ ಉಜ್ಜಬೇಡಿ, ಕಪ್ಪು ಎದ್ದುಬಂದರೆ ಆ ಗುಂಡಿಯ ಕಥೆ ಮುಗಿಯಿತು.

ಬೀಗದ ಚಿತ್ರವಿರುವ ನಾಲ್ಕನೆಯ ಗುಂಡಿಯನ್ನೂ ನೆನಪಿಡಿ. ಅದನ್ನು ಒತ್ತಿದರೆ ನಮ್ಮ ಶಟರ್ ಉಳಿದ ಗುಂಡಿಗಳ ಮಾತನ್ನೇ ಕೇಳುವುದಿಲ್ಲ. ಜೇಬಿನಲ್ಲಿದ್ದ ಕೀಲಿಕೈ ತಾಗಿ ಆ ಗುಂಡಿ ಒತ್ತಿಹೋಗಿ ಒಂದು ಸಂಜೆಯೆಲ್ಲ ಹಾಳಾಯಿತು.

ಇನ್ನು ರಿಸೀವರ್. ಎಂಸಿಬಿ ಇಳಿಸದೆ ಪೆಟ್ಟಿಗೆ ತೆರೆಯಬೇಡಿ, ಒಳಗೆ 230 ವೋಲ್ಟ್ ಇದೆ. ನಮ್ಮ ರಿಮೋಟ್ ಮಾತಾಡುವುದು 433.92 ಮೆಗಾಹರ್ಟ್ಸ್‌ನ ರೇಡಿಯೊ ಅಲೆಯಲ್ಲಿ. ಅದನ್ನು ಹಿಡಿಯಲು ರಿಸೀವರಿಗೆ ಸುಮಾರು 17 ಸೆಂಟಿಮೀಟರಿನ ಒಂದು ತಂತಿಯೇ ಆಂಟೆನಾ. ಸುಣ್ಣ ಬಣ್ಣ ಮಾಡಿಸಿದ ವರ್ಷ ಪೇಂಟರ್ ಅದನ್ನು ಬೇಡದ ತಂತಿಯೆಂದುಕೊಂಡು ಸುತ್ತಿ ಪೆಟ್ಟಿಗೆಯೊಳಗೆ ತುರುಕಿದ್ದ. ಬಿಡಿಸಿ ನೇರವಾಗಿ ಹೊರಗೆ ಇಳಿಬಿಟ್ಟ ಮೇಲೆ ಬೀದಿಯ ತಿರುವು ಮತ್ತೆ ದಕ್ಕಿತು.

ದೀಪಾವಳಿಯ ದಿನಗಳದ್ದು ಬೇರೆಯೇ ತಮಾಷೆ. ಬೆಳಗ್ಗೆ ತೆರೆಯುವ ಶಟರ್ ಸಂಜೆಯಾದರೆ ಮುಷ್ಕರ ಹೂಡುತ್ತಿತ್ತು. ಮೂರನೆಯ ಸಂಜೆ ಹೊಳೆಯಿತು: ಸೀರಿಯಲ್ ಸೆಟ್ಟಿನ ಅಡಾಪ್ಟರನ್ನು ರಿಸೀವರಿನ ಪಕ್ಕದ ಪ್ಲಗ್ಗಿಗೇ ಚುಚ್ಚಿದ್ದೆವು. ಅಗ್ಗದ ಅಡಾಪ್ಟರುಗಳು, ಕೆಲವು ಎಲ್ಇಡಿ ಬಲ್ಬುಗಳು ರೇಡಿಯೊ ಗದ್ದಲ ಹೊರಡಿಸುತ್ತವೆ. ಆ ಗದ್ದಲದಲ್ಲಿ ರಿಮೋಟಿನ ದನಿ ರಿಸೀವರಿಗೆ ಕೇಳುವುದಿಲ್ಲ. ಹತ್ತಿರದ ದೀಪಗಳನ್ನು ಒಂದೊಂದಾಗಿ ಆರಿಸುತ್ತ ಪರೀಕ್ಷಿಸಿ.

ಇದಾವುದೂ ಅಲ್ಲದಿದ್ದರೆ ರಿಮೋಟನ್ನು ರಿಸೀವರಿಗೆ ಮತ್ತೆ ಪರಿಚಯಿಸಬೇಕು. ಕೈಪಿಡಿ ನೋಡಿಕೊಂಡೇ ಮಾಡಿ. ನಮ್ಮದರಲ್ಲಿ ರಿಸೀವರಿನ ಪುಟ್ಟ ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟು, ದೀಪ ಹೊತ್ತಿದಾಗ ರಿಮೋಟ್ ಒತ್ತಬೇಕು. ಗುಂಡಿಯನ್ನು ಹೆಚ್ಚು ಹೊತ್ತು ಹಿಡಿದರೆ ಹಳೆಯ ರಿಮೋಟುಗಳೆಲ್ಲ ಅಳಿಸಿಹೋಗುತ್ತವೆ. ರಿಮೋಟ್ ಕಳೆದುಹೋದರೆ ಬೇಕೆಂದೇ ಹೀಗೆ ಅಳಿಸಬೇಕು. ನಾನು ತಿಳಿಯದೆ ಅಳಿಸಿದೆ, ನನ್ನದನ್ನು ಮಾತ್ರ ಮತ್ತೆ ಸೇರಿಸಿ ಮಧ್ಯಾಹ್ನದ ನಿದ್ದೆಗೆ ಹೋದೆ. ಗಾಂಧಿ ಬಜಾರಿನಿಂದ ಹೂವು, ಹಣ್ಣು, ತರಕಾರಿ ತುಂಬಿಕೊಂಡು ಬಂದ ನನ್ನ ಹೆಂಡತಿ ಹೊರಗೆ ಕಾರಿನಲ್ಲಿ ಕೂತು ಕಾಲು ಗಂಟೆ ತನ್ನ ರಿಮೋಟ್ ಒತ್ತಿದಳಂತೆ. ಎದ್ದು ಬಾಗಿಲು ತೆಗೆದಾಗ ಅವಳು ಕೇಳಿದ್ದು ಒಂದೇ ಮಾತು: "ಬ್ಯಾಟರಿ ತರುತ್ತೀರಾ?"